ಮಾಳಿಗೆಯ ಮೇಲೆ ಐದು ಹರವಿ

ಈ ವರ್ಷ ಶಿವರಾತ್ರಿಗೆ ಹನ್ನೊಂದು ದಿನ ಮೊದಲು, ಬೆಳಿಗ್ಗೆ ಹತ್ತೂವರೆಗೆ, ನಮ್ಮ ತಾಲೂಕು ಊರಿನ ಹೊಸ ಬಸ್ ನಿಲ್ದಾಣದ ಮಾಳಿಗೆಯ ಮೇಲಿನ ಉದ್ಯಾನ ಸಾರ್ವಜನಿಕರಿಗೆ ತೆರೆಯಿತು.

ನಾನು ಅಲ್ಲಿಗೆ ವರದಿಗಾರನಾಗಿ ಹೋಗಿದ್ದೆ. ಜಿಲ್ಲಾ ಕೇಂದ್ರದ ದಿನಪತ್ರಿಕೆಯೊಂದಕ್ಕೆ ಇಪ್ಪತ್ತಾರು ವರ್ಷಗಳಿಂದ ಈ ತಾಲೂಕಿನ ಸುದ್ದಿ ಕಳಿಸುತ್ತಿದ್ದೇನೆ. ಅಂದು ಬರೆದದ್ದು ಆರು ವಾಕ್ಯ. ಮೆಟ್ಟಿಲು ನಲವತ್ತನಾಲ್ಕು, ಕಲ್ಲಿನ ಬೆಂಚು ಎಂಟು, ಹುಲ್ಲುಹಾಸಿಗೆಂದು ಹೊರಗಿನಿಂದ ತಂದ ಕೆಂಪು ಮಣ್ಣು, ಕುಂಡಗಳಲ್ಲಿ ದಾಸವಾಳ, ಕಣಗಿಲೆ, ಹನಿ ನೀರಾವರಿಯ ಕರಿ ಪೈಪು, ಬೆಳಿಗ್ಗೆ ಆರರಿಂದ ರಾತ್ರಿ ಎಂಟರವರೆಗೆ ಪ್ರವೇಶ. ಇಷ್ಟು. ಮೇಲಿನಿಂದ ಏನು ಕಾಣುತ್ತದೆ ಎಂಬುದನ್ನು ಬರೆಯಲಿಲ್ಲ, ಜಾಗವಿರಲಿಲ್ಲ. ಕೆಳಗೆ ಬಸ್ಸುಗಳ ತಲೆಗಳು ಕಾಣುತ್ತವೆ. ಅವುಗಳ ಆಚೆ ತೊಗರಿ ಕೊಯ್ದ ಎರೆಹೊಲ, ಇನ್ನೂ ಆಚೆ ಹವಳಗಾ ಕಡೆಗೆ ಸಕ್ಕರೆ ಕಾರ್ಖಾನೆಯ ಹೊಗೆ. ನಮ್ಮ ಊರಿನಲ್ಲಿ ಇಷ್ಟು ಎತ್ತರದಲ್ಲಿ ಕುಳಿತುಕೊಳ್ಳಲು ಯಾರಿಗೂ ಹಿಂದೆ ಜಾಗವಿರಲಿಲ್ಲ. ಅಂದು ಬಂದವರು ಹೆಚ್ಚಿನವರು ತಮ್ಮ ಮನೆ ಎಲ್ಲಿ ಕಾಣುತ್ತದೆ ಎಂದು ಹುಡುಕುತ್ತಿದ್ದರು.

ಬರೆಯದೆ ಬಿಟ್ಟ ಇನ್ನೊಂದು ಸಂಗತಿಯಿದೆ. ಹಳೆಯ ನಿಲ್ದಾಣದಲ್ಲಿ, ಈಗ ಮೆಟ್ಟಿಲು ಶುರುವಾಗುವ ಜಾಗದಲ್ಲಿ, ಒಂದು ಬೇವಿನ ಮರವಿತ್ತು. ಅದರ ಕೆಳಗೆ ಪ್ರತಿ ಬೇಸಿಗೆ ನಮ್ಮ ಮನೆಯ ಅರವಟ್ಟಿಗೆ ಇರುತ್ತಿತ್ತು. ಶಿವರಾತ್ರಿಯ ಮರುದಿನ ಉಸುಕಿನ ಮೇಲೆ ಐದು ಹರವಿ ಇಡುವುದು, ಮೃಗಶಿರಾ ಮಳೆ ಬಿದ್ದ ಮೇಲೆ ತೆಗೆಯುವುದು. ಹರವಿ ಎಂದರೆ ಮೂರು ಕೊಡ ನೀರು ಹಿಡಿಯುವ ದೊಡ್ಡ ಮಣ್ಣಿನ ಮಡಕೆ. ಇದನ್ನು ಶುರು ಮಾಡಿದವರು ನಮ್ಮ ಆಯಿ, ಅಂದರೆ ತಂದೆಯ ತಾಯಿ. ಆಯಿಯ ನಂತರ ಅವ್ವ. ಅವ್ವನ ನಂತರ ನಮ್ಮ ವೈನಿ, ಅಣ್ಣನ ಹೆಂಡತಿ.

ಆಯಿಯ ಕಟ್ಟಳೆ ಎರಡೇ. ನೀರನ್ನು ಕೈಯಿಂದ ಕೈಗೆ ಕೊಡಬೇಕು. ಪಾತ್ರೆ ಇಟ್ಟು ತಾವೇ ತೆಗೆದುಕೊಳ್ಳಲಿ ಎನ್ನಬಾರದು. ಕೊಡುವ ಮುಂಚೆ ಏನನ್ನೂ ಕೇಳಬಾರದು. ನಾನು ಏಳೆಂಟು ವರ್ಷದವನಿದ್ದಾಗ, ತಂಬಿಗೆ ಹಿಡಿದು, ಬೊಗಸೆ ಒಡ್ಡಿದ್ದ ಒಬ್ಬರನ್ನು "ನೀವು ಯಾರ ಪೈಕಿ?" ಎಂದು ಕೇಳಿದ್ದೆ. ಹಿರಿಯರು ಹೊಸಬರನ್ನು ಹಾಗೆ ಕೇಳುವುದನ್ನು ನೋಡಿದ್ದೆ, ಅಷ್ಟೇ. ಆಯಿ ನನ್ನ ಬೆನ್ನಿಗೆ ಒಂದು ಏಟು ಕೊಟ್ಟು ತಂಬಿಗೆ ಕಸಿದುಕೊಂಡರು. ಆ ಬೇಸಿಗೆ ಮುಗಿಯುವವರೆಗೆ ನನಗೆ ನೀರು ಕೊಡುವ ಕೆಲಸವಿರಲಿಲ್ಲ, ತುಂಬುವ ಕೆಲಸ ಮಾತ್ರ.

ನಿಲ್ದಾಣ ಕಟ್ಟುವಾಗ ಮರ ಹೋಯಿತು. ಎರಡು ಬೇಸಿಗೆ ಹರವಿಗಳು ಎದುರಿನ ಬಟ್ಟೆ ಅಂಗಡಿಯ ಕಟ್ಟೆಯ ಮೇಲಿದ್ದವು. ಕಳೆದ ದೀಪಾವಳಿಗೆ ಆ ಅಂಗಡಿಯವರು ಕಟ್ಟೆ ಒಡೆದು ರಸ್ತೆಯವರೆಗೆ ಶೆಟರ್ ತಂದರು. ಈ ವರ್ಷ ಹರವಿಗೆ ಜಾಗವಿರಲಿಲ್ಲ.

ಉದ್ಯಾನ ತೆರೆದ ದಿನ ಸಂಜೆ ವೈನಿ ನನ್ನ ಮನೆಗೆ ಬಂದರು. ಅವರಿಗೆ ಐವತ್ತೆಂಟು. ತವರು ನರೋಣಾ. ಮದುವೆಯಾಗಿ ಬಂದ ಮೊದಲ ಬೇಸಿಗೆಯೇ ಅವ್ವ ಅವರ ಕೈಗೆ ತಂಬಿಗೆ ಕೊಟ್ಟಿದ್ದರಂತೆ. ಕುಳಿತುಕೊಳ್ಳಲಿಲ್ಲ, ಬಾಗಿಲಲ್ಲೇ ನಿಂತು ಕೇಳಿದರು.

"ತಮ್ಮಾ, ಬಸ್ ಸ್ಟ್ಯಾಂಡಿನ್ಯಾಗ ಜಾಗಾ ಬೇಕಂತ ಪೇಪರಿನ್ಯಾಗ ಎರಡು ಸಾಲು ಬರಿ."

"ನಮ್ಮನಿ ವಿಷಯ ನಾ ಬರಿಯಾಂಗಿಲ್ರಿ ವೈನಿ."

"ಯಾಕ?"

"ನಾನ ಬರದು ನಾನ ತಗೊಂಡಂಗ ಆಗ್ತದ. ಅದು ಸುದ್ದಿ ಅಲ್ಲ."

"ಮಂದಿ ಮನಿದೆಲ್ಲಾ ಬರೀತಿ, ನಿಮ್ಮನಿದು ಬಂದ್ರ ಪೆನ್ನಿನ್ಯಾಗ ಶಾಯಿ ಇರಂಗಿಲ್ಲ. ಛಲೋ ನೌಕರಿ ನಿಂದು."

"ಬೈರಿ. ಆದ್ರೂ ಬರಿಯಾಂಗಿಲ್ಲ."

"ಅರ್ಜಿ ಬರದುಕೊಡ್ತಿಯೋ ಇಲ್ಲೋ? ನನ್ನ ಹೆಸರಿಲೆ. ಅದಕ್ಕೂ ನಿನ್ನ ಕಾಯ್ದೆ ಅಡ್ಡ ಬರ್ತದೇನು?"

ಅದಕ್ಕೆ ಯಾವ ಕಾಯ್ದೆಯೂ ಅಡ್ಡ ಬರುತ್ತಿರಲಿಲ್ಲ. ಅವರು ಹೇಳಿದರು, ನಾನು ಬರೆದೆ. "ಈಗ ಬರಿ" ಎಂದು ಹೇಳಿ ಯೋಚಿಸುತ್ತಿದ್ದರು, ಬರೆದದ್ದನ್ನು ಓದಿಸುತ್ತಿದ್ದರು, "ದಯಮಾಡಿ" ಎಂಬ ಮಾತು ಎರಡು ಕಡೆ ಇತ್ತು, ಒಂದನ್ನು ಹೊಡೆದುಹಾಕಿಸಿದರು.

ಮರುದಿನ ನಿಲ್ದಾಣದ ಅಧಿಕಾರಿಯ ಕೋಣೆಗೆ ಹೋದೆವು. ಅವರು ಈ ಊರಿಗೆ ಬಂದು ಒಂದು ವರ್ಷವಾಗಿತ್ತು. ಅರ್ಜಿಯನ್ನು ಪೂರ್ತಿ ಓದಿದರು. ಅರ್ಜಿ ಪೂರ್ತಿ ಓದುವ ಅಧಿಕಾರಿ ಅಪರೂಪ, ಅದನ್ನು ಇಲ್ಲಿ ದಾಖಲಿಸಬೇಕು.

"ನೋಡ್ರಿ ಅಮ್ಮಾ, ಕೆಳಗ ಟೈಲ್ಸ್ ಅದ. ನೀರ ಬಿದ್ದು ಯಾರರೆ ಜಾರಿದ್ರ ನನ್ನ ಮ್ಯಾಲ ಬರ್ತದ. ನೆಲದ ಮ್ಯಾಲ ಯಾವ ಸಾಮಾನೂ ಇಡಬಾರದು ಅಂತ ಹುಕುಂ ಅದ. ಮತ್ತ ನೀರಿನ ಮಷಿನ್ ಬ್ಯಾರೆ ಕೂಡ್ರಿಸಿವಿ."

"ಮಷಿನ್‌ಗೆ ರೊಕ್ಕಾ ಹಾಕಬೇಕಲ್ರಿ ಸಾಹೇಬ್ರ."

"ಹೌದು."

"ರೊಕ್ಕಾ ಇಲ್ದಾಂವಗ ನೀರಡಿಕಿ ಆಗಾಂಗಿಲ್ಲೇನ್ರಿ?"

ಅಧಿಕಾರಿ ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿದ್ದ ಬಸ್ಸಿನ ವೇಳಾಪಟ್ಟಿ ನೋಡಿದೆ. ಕೊನೆಗೆ ಅವರು ಒಂದು ದಾರಿ ಹೇಳಿದರು. ಮಾಳಿಗೆಯ ಉದ್ಯಾನದಲ್ಲಿ, ಮೆಟ್ಟಿಲು ಮುಗಿಯುವಲ್ಲಿ, ಈಶಾನ್ಯ ಮೂಲೆಗೆ ಒಂದು ಚಿಕ್ಕ ಚಾವಣಿಯಿದೆ. ಮೇಲೆ ನೆರಳಿರುವ ಜಾಗ ಅದೊಂದೇ. ಅಲ್ಲಿ ಇಡಬಹುದು, ಆದರೆ ಯುಗಾದಿಯವರೆಗೆ ಮಾತ್ರ.

"ಮಂದಿ ಕುಡದ್ರ ಮುಂದಿಂದು ವಿಚಾರ ಮಾಡೋಣು. ಕುಡಿಲಿಲ್ಲ ಅಂದ್ರ ಯುಗಾದಿ ಮರುದಿನ ತಗದುಬಿಡ್ರಿ. ಹೊಸಾ ಮಾಳಗಿ, ಸುಮ್ಮ ಸುಮ್ಮನ ತೇವ ಹಿಡಿಸಲಾಕ ನನಗ ಆಗಾಂಗಿಲ್ಲ."

"ಆಯ್ತ್ರಿ" ಎಂದರು ವೈನಿ.

ಹೊರಗೆ ಬಂದ ಮೇಲೆ ನಾನು ಕೇಳಿದೆ: "ನೀರಡಿಸಿದಾಂವ ನಲವತ್ತನಾಲ್ಕು ಮೆಟ್ಟಲಾ ಏರಿ ಬರ್ತಾನೇನ್ರಿ ವೈನಿ?"

"ಮೊದಲ ನಾವು ಏರೋಣು" ಎಂದರು.

ಶಿವರಾತ್ರಿಯ ಮರುದಿನ ಬೆಳಿಗ್ಗೆ ಆರೂವರೆಗೆ ಶುರು ಮಾಡಿದೆವು. ಮೇಲೆ ಕುಡಿಯುವ ನೀರಿನ ನಲ್ಲಿಯಿಲ್ಲ. ಗಿಡಗಳ ಪೈಪಿನ ನೀರು ಕುಡಿಯುವಂಥದಲ್ಲ. ಕೆಳಗಿನ ನಲ್ಲಿಯಿಂದ ಕೊಡ ಹೊರಬೇಕು. ಐದು ಹರವಿಗೆ ಹದಿನೈದು ಕೊಡ. ಹತ್ತು ನಾನು ಹೊತ್ತೆ, ಐದು ಅವರು. ಸುದ್ದಿ ಬರೆಯದ ತಪ್ಪಿಗೆ ಇದು ದಂಡ ಎಂದು ಅವರೇ ಹೇಳಿದರು. ಅಣ್ಣ ಅತನೂರಿನ ಹೊಲದಿಂದ ಟ್ರ್ಯಾಕ್ಟರಿನಲ್ಲಿ ಉಸುಕು ಕಳಿಸಿದ್ದ, ತಾನು ಬರಲಿಲ್ಲ. ಅವನಿಗೆ ಇದೆಲ್ಲ ಸಾಕಾಗಿತ್ತು. "ಮರಾ ಹೋತು, ಇದೂ ಹೋತು ಅಂತ ತಿಳಕೋಬೇಕು" ಎಂದು ನನ್ನ ಮುಂದೆ ಎರಡು ಸಲ ಹೇಳಿದ್ದ. ವೈನಿಯ ಮುಂದೆ ಹೇಳಿರಲಿಲ್ಲ.

ಹರವಿಗಳಿಗೆ ನೀರು ತುಂಬಿದ ಮೇಲೆ ವೈನಿ ಪ್ರತಿ ವರ್ಷದ ಹಾಗೆ ಪೂಜೆ ಮಾಡಿದರು. ಐದಕ್ಕೂ ಮೂರು ಬೆರಳಿನಿಂದ ವಿಭೂತಿ ಎಳೆದರು, ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿದರು, ಊದಿನಕಡ್ಡಿ ಹಚ್ಚಿದರು. ಮೊದಲ ತಂಬಿಗೆ ನೀರನ್ನು ಉದ್ಯಾನದ ಮಾಲಿಗೆ ಕೊಟ್ಟರು. ಮಾಲಿ ಆಳಂದ ಕಡೆಯವರು, ಅರವತ್ತು ದಾಟಿದ ಮುಸ್ಲಿಂ ಹಿರಿಯರು. ಬೊಗಸೆಯಲ್ಲಿ ಕುಡಿದು, ಒದ್ದೆ ಕೈಯನ್ನು ಗಡ್ಡಕ್ಕೆ ಒರೆಸಿಕೊಂಡು, "ಅಕ್ಕಾ, ದುವಾ ಸಿಗ್ತದ" ಎಂದರು. ಹನ್ನೊಂದು ಗಂಟೆಗೆ ವೈನಿ ಹರವಿಗಳ ಬಾಯಿಗೆ ತಾಟು ಮುಚ್ಚಿ, ಮೇಲೆ ತಂಬಿಗೆ ಇಟ್ಟು, ಅಡುಗೆಗೆಂದು ಮನೆಗೆ ಹೋದರು. ಹಳೆಯ ಜಾಗದಲ್ಲೂ ಮಧ್ಯಾಹ್ನ ಒಂದೆರಡು ತಾಸು ಹೀಗೆಯೇ ಬಿಟ್ಟು ಹೋಗುವುದಿತ್ತು. ಬೇವಿನ ಮರದ ಕೆಳಗೆ ಕುಳಿತವರು ಯಾರಾದರೂ ಎದ್ದು ಕೊಡುತ್ತಿದ್ದರು.

ಸಂಜೆ ಬಂದು ನೋಡಿದರೆ ಹರವಿಗಳು ತುಂಬಿದಂತೆಯೇ ಇದ್ದವು. ತಾಟುಗಳ ಮೇಲೆ ಹೂವಿತ್ತು. ನಾವು ಇಟ್ಟ ಹೂವಲ್ಲ, ಕುಂಡದ ದಾಸವಾಳ.

ಎರಡನೇ ದಿನ ಉಸುಕಿನಲ್ಲಿ ಹದಿನಾಲ್ಕು ಊದಿನಕಡ್ಡಿ. ಮೂರನೇ ದಿನ ಯಾರೋ ಕಾಯಿ ಒಡೆದು ಅರ್ಧ ಹೋಳು ಬಿಟ್ಟುಹೋಗಿದ್ದರು. ನೀರು ಮಾತ್ರ ಒಂದು ತಂಬಿಗೆಯಷ್ಟೂ ಇಳಿದಿರಲಿಲ್ಲ.

ನಾಲ್ಕನೇ ದಿನ ನಾನು ಎದುರಿನ ಬೆಂಚಿನ ಮೇಲೆ ಕುಳಿತು ನೋಡಿದೆ. ಸಂಜೆ ನಾಲ್ಕೂವರೆಯಿಂದ ಐದೂವರೆ. ಮೆಟ್ಟಿಲು ಏರಿ ಬಂದವರು ಮೊದಲು ಕಾಣುತ್ತಿದ್ದುದು ಈಶಾನ್ಯ ಮೂಲೆಯಲ್ಲಿ ವಿಭೂತಿ ಹಚ್ಚಿಕೊಂಡು ಸಾಲಾಗಿ ಕುಳಿತಿದ್ದ ಐದು ಕುಂಭ. ಹೊಸ ಕಟ್ಟಡ, ಈಶಾನ್ಯ, ಹೂವು, ಉಸುಕು. ಅವರಿಗೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ. ಚಪ್ಪಲಿ ಬಿಟ್ಟು ನಮಸ್ಕಾರ ಮಾಡುತ್ತಿದ್ದರು. ಒಬ್ಬ ಗಂಡಸು ಮೂರು ಸುತ್ತು ಹಾಕಲು ನೋಡಿದ. ಹಿಂದೆ ಗೋಡೆ ಇದ್ದುದರಿಂದ ನಿಂತಲ್ಲೇ ತಿರುಗಿದ. ನನ್ನ ಪಕ್ಕದಲ್ಲಿ ಒಬ್ಬ ಹೆಂಗಸು ಬಂದು ಕುಳಿತರು. ಜೇವರ್ಗಿ ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಮೇಲೆ ಬಂದವರು.

"ಯಾವ ದೇವ್ರರಿ ಅಣ್ಣಾರ ಇದು?"

"ದೇವರಲ್ರಿ. ಕುಡಿಯೋ ನೀರು."

"ನೀರಂತ ಕಾಣ್ತದಲ್ರಿ. ಯಾವ ದೇವರ ನೀರು?"

"ಅರವಟ್ಟಿಗೀರಿ. ಯಾರ ಬೇಕಾದ್ರೂ ಕುಡಿಬೌದು."

"ಥೂ, ಹಂಗನಬ್ಯಾಡ್ರಿ" ಎಂದು ಅವರು ಕೆನ್ನೆ ಬಡಿದುಕೊಂಡರು. "ಪೂಜಿ ಮಾಡಿದ್ದು ಕುಡದ್ರ ನಮಗ ಆಗಿಬರ್ತದೇನು?" ಎದ್ದು ಹೋಗುವಾಗ ಇನ್ನೊಮ್ಮೆ ಕೈ ಮುಗಿದರು. ನಾನು ಅಂಚಿನ ಗೋಡೆಯ ಹತ್ತಿರ ಹೋಗಿ ನೋಡಿದೆ. ಕೆಳಗೆ ಇಳಿದು ಅಂಗಡಿಯಲ್ಲಿ ಒಂದು ಬಾಟಲಿ ನೀರು ಕೊಂಡು, ಅಲ್ಲೇ ನಿಂತು ಅರ್ಧ ಕುಡಿದರು.

ಇದೆಲ್ಲವನ್ನೂ ಕಂಡ ಹಾಗೆ ವೈನಿಗೆ ಹೇಳಿದೆ. ಗೋಡೆ ಅಡ್ಡ ಬಂದು ನಿಂತಲ್ಲೇ ತಿರುಗಿದವನ ಸಂಗತಿಗೆ ಅವರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಬಾಟಲಿ ಕೊಂಡ ಸಂಗತಿಗೆ ನಗು ನಿಂತಿತು. ಪಕ್ಕದಲ್ಲಿ ಮಾಲಿ ಇದ್ದರು. ಎರಡು ದಿನಕ್ಕೊಮ್ಮೆ ಹಳೆಯ ನೀರನ್ನು ಗಿಡಗಳಿಗೆ ಸುರಿದು ಹೊಸದು ತುಂಬುತ್ತಿದ್ದೆವು. ಅದರಿಂದ ಅವರಿಗೆ ಲಾಭವಾಗಿತ್ತು. "ಅಕ್ಕಾ, ಹಿಂಗ ನಡೀಲಿ. ದೇವರು ಕುಡಿಯಾಂಗಿಲ್ಲ, ನನ್ನ ಗಿಡಾ ಕುಡೀತಾವ" ಎಂದರು.

"ನಿನ್ನ ಗಿಡಕ್ಕ ನಾ ನಲವತ್ತನಾಲ್ಕು ಮೆಟ್ಟಲಾ ಹತ್ತೇನೇನೋ ಮುದುಕಪ್ಪಾ?" ಎಂದರು ವೈನಿ.

ಆ ರಾತ್ರಿ ಊಟಕ್ಕೆ ಅಣ್ಣನ ಮನೆಯಲ್ಲಿದ್ದೆ. ಪ್ರಶ್ನೆ ಒಂದೇ: ಹಚ್ಚಿದ ವಿಭೂತಿಯನ್ನು ಅಳಿಸಬಹುದೋ ಬಾರದೋ. ಅಣ್ಣ ಬಾರದು ಎಂದ. ಪೂಜೆಯಾಗದ ಹರವಿಯ ನೀರನ್ನು ನಮ್ಮ ಮನೆಯವರು ಯಾವತ್ತೂ ಕೊಟ್ಟಿಲ್ಲ, ಅಳಿಸುವುದಕ್ಕಿಂತ ತೆಗೆಯುವುದೇ ಮರ್ಯಾದೆ ಎಂದ. ವೈನಿ ರೊಟ್ಟಿ ಬಡಿಯುತ್ತಿದ್ದರು. ತಿರುಗಿ ನೋಡದೆ ಹೇಳಿದರು:

"ಹಚ್ಚಿದ್ದು ನಾನು. ತಗಿಯೋದು ನಾನು. ನೀವು ಉಣ್ರಿ."

ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಐದು ಹರವಿಗಳನ್ನೂ ಒರೆಸಿದರು. ಬಟ್ಟೆಯನ್ನು ಕೊಡದ ನೀರಿನಲ್ಲಿ ಹಿಂಡಿ ಆ ನೀರನ್ನು ದಾಸವಾಳದ ಬುಡಕ್ಕೆ ಹಾಕಿದರು. ಮಾಲೆ ತೆಗೆದರು. ಊದಿನಕಡ್ಡಿಯ ಕಡ್ಡಿಗಳನ್ನು ಒಂದೊಂದಾಗಿ ಕಿತ್ತರು. ಆಮೇಲೆ ಹರವಿಗಳ ಪಕ್ಕದಲ್ಲಿ ಮಡಚಿದ ಗೋಣಿಚೀಲದ ಮೇಲೆ ಕುಳಿತರು. "ನೋಡಿದವ್ರಿಗೆ ಗೊತ್ತಾಗಬೇಕು, ಇಲ್ಲಿ ನೀರ ಕೊಡಾಕ ಒಬ್ಬಾಕಿ ಕುಂತಾಳಂತ." ಅಂದಿನಿಂದ ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ ಅಲ್ಲೇ. ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು.

ಸಂಜೆ ಬಂದವರು ಕುಡಿಯತೊಡಗಿದರು. ಆದರೆ ಮಧ್ಯಾಹ್ನ ಮೇಲೆ ಯಾರೂ ಬರುತ್ತಿರಲಿಲ್ಲ. ನಮ್ಮ ಕಡೆ ಮಾರ್ಚ್ ತಿಂಗಳ ಮಧ್ಯಾಹ್ನ ಮಾಳಿಗೆ ಹತ್ತುವವರು ಹಪ್ಪಳ ಒಣಗಿಸುವವರು ಮಾತ್ರ. ಬಾಯಾರಿದವರೆಲ್ಲ ಕೆಳಗೆ ಬಸ್ಸಿನೊಳಗೆ ಕುಳಿತಿದ್ದರು. ವೈನಿ ಅಂಚಿನ ಗೋಡೆಯ ಹತ್ತಿರ ನಿಂತು ಅವರನ್ನು ನೋಡುತ್ತಿದ್ದರು. ಎಂಟನೆಯ ದಿನವೋ ಒಂಬತ್ತನೆಯ ದಿನವೋ, ನಾನು ಅಲ್ಲಿದ್ದಾಗಲೇ, ಎರಡು ದೊಡ್ಡ ತಂಬಿಗೆ ತುಂಬಿಕೊಂಡು ಮೆಟ್ಟಿಲು ಇಳಿಯತೊಡಗಿದರು.

"ವೈನಿ, ಕೆಳಗ ಇಡಬ್ಯಾಡ್ರಿ ಅಂದಾರ."

"ನೆಲದ ಮ್ಯಾಲ ಇಡಬ್ಯಾಡ್ರಿ ಅಂದಾರ. ನಾ ಎಲ್ಲಿ ಇಡಾಕತ್ತೇನಿ? ಕೈಯಾಗ ಹಿಡದೇನಿ."

ಜೇವರ್ಗಿಗೆ ಹೋಗುವ ಬಸ್ಸಿನ ಕಿಟಕಿಗಳ ಕೆಳಗೆ ನಿಂತು, ಕೈ ಎತ್ತಿ, ಒಡ್ಡಿದ ಬೊಗಸೆಗಳಿಗೆ ಸುರಿದರು. ಖಾಲಿ ಬಾಟಲಿಗಳು ಹೊರಬಂದವು, ಅವಕ್ಕೂ ಸುರಿದರು. ಟೈಲ್ಸಿನ ಮೇಲೆ ಬಿದ್ದ ಹನಿಗಳನ್ನು ಸೊಂಟಕ್ಕೆ ಸಿಕ್ಕಿಸಿದ್ದ ಬಟ್ಟೆ ತೆಗೆದು ಒರೆಸಿದರು. ಮತ್ತೆ ಮೇಲೆ. ಮತ್ತೆ ಕೆಳಗೆ. ಬಸ್ಸಿನ ಕಂಡಕ್ಟರ್ ಒಬ್ಬ, ಇಲ್ಲಿ ಹಿರಿಯ ಹೆಂಗಸರನ್ನು ಕರೆಯುವಂತೆ, "ಆಯಿ, ಮ್ಯಾಲಿಂದ ಯಾಕ ತರಾಕತ್ತೀರಿ?" ಎಂದು ಕೇಳಿದ.

"ನೀರು ಮ್ಯಾಲ ಅದ, ನೀವು ಕೆಳಗ ಅದೀರಿ. ಮತ್ತ ಹ್ಯಾಂಗ ತರಲಿ?"

ಆ ಕಂಡಕ್ಟರ್ ಮರುದಿನ ತಾನೇ ಮೇಲೆ ಬಂದು ಎರಡು ಬಾಟಲಿ ತುಂಬಿಸಿಕೊಂಡ. ಅವನಿಂದ ಬೇರೆ ಕಂಡಕ್ಟರುಗಳಿಗೆ, ಚಾಲಕರಿಗೆ ಗೊತ್ತಾಯಿತು. ಬಸ್ಸಿಗೆ ಇನ್ನೂ ಹೊತ್ತು ಇದ್ದ ಪ್ರಯಾಣಿಕರನ್ನು ಅವರೇ ಕಳಿಸತೊಡಗಿದರು: "ಮ್ಯಾಲ ತಣ್ಣನ್ನ ನೀರದ, ಕುಡದು ಬರ್ರಿ."

ಇದರಿಂದಲೇ ತಕರಾರು ಬಂತು. ಆಳಂದಕ್ಕೆ ಹೋಗಬೇಕಾಗಿದ್ದ ಒಬ್ಬ ಹಿರಿಯರು ಮೇಲೆ ಬಂದು, ನೀರು ಕುಡಿದು, ನೆರಳಿನಲ್ಲಿ ರುಮಾಲು ಬಿಚ್ಚಿಟ್ಟು ಕುಳಿತರು. ಬಸ್ ಹೊರಡುವುದನ್ನು ಸಾರುವ ಮೈಕಿನ ದನಿ ಮಾಳಿಗೆಯ ಮೇಲೆ ಸರಿಯಾಗಿ ಕೇಳುವುದಿಲ್ಲ. ಅವರು ಕೆಳಗೆ ಇಳಿಯುವಷ್ಟರಲ್ಲಿ ಬಸ್ಸು ಗೇಟು ದಾಟಿತ್ತು. ಜಾಗ ಹಿಡಿಯಲೆಂದು ಅವರು ಮೊದಲೇ ಕಿಟಕಿಯಿಂದ ಸೀಟಿನ ಮೇಲೆ ತಮ್ಮ ಕೈಚೀಲ ಎಸೆದಿದ್ದರು. ಚೀಲವೂ ಆಳಂದದ ದಾರಿ ಹಿಡಿದಿತ್ತು.

ಅವರು ಮತ್ತೆ ಮೇಲೆ ಹತ್ತಿ ಬಂದರು, ವೈನಿಯನ್ನು ಬೈಯುವುದಕ್ಕೆ.

"ನೀರ ಕೊಡ್ತಾಳಂತ ನೀರ! ನಿನ್ನ ನೀರ ಕುಡದು ನಾ ಬಸ್ ಕಳಕೊಂಡೆ, ಚೀಲ ಕಳಕೊಂಡೆ! ಯಾರ ಹೇಳಿದ್ರ ಬೇ ನಿನಗ ಇಲ್ಲಿ ಕುಂಡ್ರಂತ?"

ವೈನಿ ಎದ್ದು ನಿಂತರು. "ತಪ್ಪಾತ್ರಿ ಯಜಮಾನ್ರ. ಚೀಲದಾಗ ಏನಿತ್ತು?"

"ಏನಿದ್ರೇನು? ಧೋತ್ರಾ, ಗುಳಿಗಿ, ಮಮ್ಮಗಳಿಗೆ ಶೇಂಗಾ ಹೋಳಿಗಿ."

ಆ ಹಿರಿಯರು ನೇರ ಅಧಿಕಾರಿಯ ಕೋಣೆಗೆ ಹೋದರು. ಅಧಿಕಾರಿ ಆಳಂದ ನಿಲ್ದಾಣಕ್ಕೆ ಫೋನ್ ಮಾಡಿ ಚೀಲ ಇಳಿಸಿಟ್ಟುಕೊಳ್ಳಲು ಹೇಳಿದರು, ಮುಂದಿನ ಬಸ್ಸಿಗೆ ಅವರನ್ನು ಕೂರಿಸಿದರು. ಆಮೇಲೆ ವೈನಿಯನ್ನು ಕರೆಸಿದರು. ಯುಗಾದಿಗೆ ಒಂಬತ್ತು ದಿನ ಬಾಕಿ. ನಾನು ಕೋಣೆಯ ಬಾಗಿಲಲ್ಲಿದ್ದೆ.

"ಇವತ್ತು ಒಬ್ಬಾಂವ, ನಾಳಿ ಹತ್ತು ಮಂದಿ. ಬಸ್ ತಪ್ಪಿದ್ರ ಜವಾಬ್ದಾರಿ ಯಾರದಮ್ಮಾ?"

"ನಂದ್ರಿ."

ಅಧಿಕಾರಿ ಎದುರಿನ ಕಾಗದಗಳನ್ನು ಸರಿಮಾಡಿದರು. "ಇನ್ನೊಂದು ತಕರಾರು ಬಂದ್ರ ಯುಗಾದಿ ತನಕಾನೂ ಇರಂಗಿಲ್ಲ, ನೋಡ್ರಿ."

"ಬರಾಂಗಿಲ್ರಿ."

ಮೆಟ್ಟಿಲು ಹತ್ತುವಾಗ ನಾನು, ಹೇಗೆ ಎಂದು ಕೇಳಿದೆ. ಅರ್ಧಕ್ಕೆ ನಿಂತು ಉಸಿರು ತೆಗೆದುಕೊಂಡರು. "ಇನ್ನ ಮ್ಯಾಲ ನೀರ ಕೊಡೋ ಮುಂಚೆ ಕೇಳ್ತೇನಿ, ಯಾವ ಬಸ್ಸಂತ."

"ಕೊಡೋ ಮುಂಚೆ ಏನೂ ಕೇಳಬಾರದಂತ ಆಯಿ ಹೇಳಿದ್ರಲ್ಲ?"

"ನಿಮ್ಮ ಆಯಿ ಊರು ಕೇಳಬ್ಯಾಡ, ಹೆಸರು ಕೇಳಬ್ಯಾಡ, ಯಾರ ಪೈಕಿ ಅಂತ ಕೇಳಬ್ಯಾಡ ಅಂದ್ರು. ಅವರ ಕಾಲದಾಗ ಬಸ್ಸು ಕಣ್ಣ ಮುಂದ ನಿಲ್ತಿತ್ತು." ಎರಡು ಮೆಟ್ಟಿಲು ಹತ್ತಿದ ಮೇಲೆ ಮತ್ತೆ ನಿಂತರು. "ಕೊಟ್ಟ ಮ್ಯಾಲ ಕೇಳ್ತೇನಿ, ತಗೋ. ಆತಿಲ್ಲೋ?"

ಹಾಗೆಯೇ ಮಾಡಿದರು. ಮೊದಲು ನೀರು. ತಂಬಿಗೆ ಬರಿದಾದ ಮೇಲೆ ಪ್ರಶ್ನೆ. ಗೋಣಿಚೀಲವನ್ನು ಅಂಚಿನ ಗೋಡೆಯ ಹತ್ತಿರಕ್ಕೆ ಎಳೆದುಕೊಂಡರು. ಅಲ್ಲಿ ನೆರಳು ಅರ್ಧ ಮೈಗೆ ಮಾತ್ರ ಬೀಳುತ್ತಿತ್ತು. ಒಂದು ಕಣ್ಣು ಹರವಿಯ ಮೇಲೆ, ಒಂದು ಕಣ್ಣು ಕೆಳಗೆ. ಬಸ್ಸಿನ ಮುಂದಿನ ಫಲಕ ಮೇಲಿನಿಂದ ಕಾಣುವುದಿಲ್ಲ. ಬಸ್ಸುಗಳನ್ನು ಅವುಗಳ ಚಾವಣಿಯಿಂದ ಗುರುತು ಹಿಡಿಯಲು ಕಲಿತರು: ಜೇವರ್ಗಿಯ ಬಸ್ಸಿನ ತಲೆಯ ಮೇಲೆ ತುಕ್ಕು ಹಿಡಿದ ಸಾಮಾನು ಜಾಲರಿ, ಆಳಂದದ್ದಕ್ಕೆ ಹಿಂದಿನ ಮೂಲೆಯಲ್ಲಿ ತೇಪೆ. ಎರಡು ದಿನದಲ್ಲಿ ಕಲಿತರು. ಆಮೇಲೆ ಮಧ್ಯಾಹ್ನಗಳಲ್ಲಿ ಕೆಳಗಿನ ನಿಲ್ದಾಣಕ್ಕೆ ಅವರ ದನಿ ಕೇಳತೊಡಗಿತು.

"ಏ ಆಳಂದ ಬಸ್ಸಿನ್ಯಾಂವ! ತಡಿ ಲೇ, ಇಬ್ರು ಬರಾಕತ್ತಾರ!"

"ಜಲ್ದಿ ಕಳಸ್ರಿ ಆಯಿ, ಟೈಮ್ ಆಗ್ಯದ!"

"ಆ ಅಕ್ಕನ ಕಾಲು ನೋವದ, ಇಳೀತಾಳ, ಒಂದು ಬೀಡಿ ಸೇದು!"

"ಬಸ್ಸಿನ್ಯಾಗ ಬೀಡಿ ಸೇದಂಗಿಲ್ರಿ!"

"ಹಂಗಾದ್ರ ಸುಮ್ಮ ನಿಂದ್ರು!"

ಕೆಳಗಿನ ಪ್ರಯಾಣಿಕರು ತಲೆ ಎತ್ತಿ ನೋಡಿ ನಗುತ್ತಿದ್ದರು. ಹೊಸದಾಗಿ ಬಂದವರಿಗೆ ಮೇಲೆ ನೀರಿದೆ ಎಂದು ತಿಳಿಯಲು ಆ ದನಿ ಒಂದೇ ಸಾಕಾಗಿತ್ತು. ಬೆಳಿಗ್ಗೆ ತುಂಬಿದ ಹದಿನೈದು ಕೊಡ ಮಧ್ಯಾಹ್ನ ಎರಡರವರೆಗೂ ಸಾಲುತ್ತಿರಲಿಲ್ಲ. ಮಾಲಿ ಗಿಡಗಳಿಗೆ ನೀರಿಲ್ಲದಂತಾಯಿತು ಎಂದು ಗೊಣಗಿದರು. ಗೊಣಗುತ್ತಲೇ ದಿನಕ್ಕೆ ಐದಾರು ಕೊಡ ಹೊತ್ತು ತಂದರು. ಅಣ್ಣ ಒಂದು ದಿನ ಯಾರಿಗೂ ಹೇಳದೆ ಬಂದು, ಮೆಟ್ಟಿಲು ಹತ್ತಿ, ಸ್ವಲ್ಪ ಹೊತ್ತು ನಿಂತು ನೋಡಿದ. ಖಾಲಿ ಕೊಡ ಎತ್ತಿಕೊಂಡು ಕೆಳಗೆ ಹೋದ.

ಯುಗಾದಿಯ ಹಿಂದಿನ ದಿನ ಮಧ್ಯಾಹ್ನ ಒಂದೂವರೆಗೆ ಅಧಿಕಾರಿ ಮೇಲೆ ಬಂದರು. ಆ ಹೊತ್ತಿಗೆ ವೈನಿ ಕೆಳಗೆ ಬಸ್ಸಿನ ಕಿಟಕಿಗಳ ಬಳಿ ಇದ್ದರು. ಹರವಿಗಳ ಹತ್ತಿರ ಒಬ್ಬ ಪ್ರಯಾಣಿಕ ಕುಳಿತಿದ್ದ, ಕಬ್ಬು ಕಡಿಯುವ ಕೆಲಸ ಮುಗಿಸಿ ಊರಿಗೆ ಮರಳುತ್ತಿದ್ದವನು. ಅವನಿಗೆ ಬಂದವರು ಯಾರೆಂದು ಗೊತ್ತಿರಲಿಲ್ಲ. ಎದ್ದು ತಂಬಿಗೆ ತುಂಬಿ, "ಹಿಡೀರಿ" ಎಂದ. ಅಧಿಕಾರಿ ಬೊಗಸೆ ಒಡ್ಡಿ ಕುಡಿದರು. ಅವನು ಕೇಳಿದ:

"ಯಾವ ಬಸ್ರಿ ನಿಮ್ದು?"

"ಯಾವುದೂ ಇಲ್ಲ."

"ಅಲ್ಲ, ಕೇಳಬೇಕಂತ ಆ ಆಯಿ ಹೇಳಿ ಹೋಗ್ಯಾರ. ಇಲ್ಲಂದ್ರ ಬೈತಾರ."

ಅಧಿಕಾರಿ ಐದು ತಾಟುಗಳನ್ನೂ ಎತ್ತಿ ಒಳಗೆ ನೋಡಿದರು. ಮೂರರಲ್ಲಿ ತಳ ಕಾಣುತ್ತಿತ್ತು. ನೆಲ ಮುಟ್ಟಿ ನೋಡಿದರು; ಉಸುಕಿನ ಹೊರಗೆ ಒಣಗಿತ್ತು. ನನ್ನ ಬೆಂಚಿನ ಹತ್ತಿರ ಬಂದು ಕೇಳಿದರು: "ನೀವ ಹೇಳ್ರಿ, ನೀವು ಪೇಪರಿನವ್ರು. ದಿನಾ ಇಷ್ಟು ಖರ್ಚಾಗ್ತದೇನು?"

"ನಾ ಅವರ ಮೈದುನಾರಿ ಸಾಹೇಬ್ರ. ನನ್ನ ಮಾತು ಸಾಕ್ಷಿ ಅಂತ ಹಿಡೀಬ್ಯಾಡ್ರಿ. ಮಾಲಿನ ಕೇಳ್ರಿ, ಇಲ್ಲಂದ್ರ ನಾಳಿ ಮತ್ತ ಬರ್ರಿ."

ಅವರು ಮಾಲಿಯನ್ನು ಕೇಳಿದರು. ಯುಗಾದಿಯ ದಿನವೂ ಬಂದರು, ಮರುದಿನವೂ ಬಂದರು. ಮರುದಿನ ಬಂದಾಗ ವೈನಿ ಅಲ್ಲೇ ಇದ್ದರು.

"ತಗೀಲೇನ್ರಿ?" ಎಂದು ವೈನಿಯೇ ಕೇಳಿದರು. ದನಿ ಗಟ್ಟಿಯಿತ್ತು. ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

"ಮ್ಯಾಲಿನವ್ರಿಗೆ ಬರದೇನಿ. ಅವರ ಉತ್ತರ ಬರೂತನಕ ಇರ್ಲಿ."

"ಬರೇ ಬಾಯಿಲೆ ಹೇಳಿದ್ರ ಹ್ಯಾಂಗ್ರಿ? ನಾಳಿ ನೀವು ಬದಲಾಗಿ ಹ್ವಾದ್ರ?"

ಅಧಿಕಾರಿ ಜೇಬಿನಿಂದ ಪೆನ್ನು ತೆಗೆದು, ನನ್ನ ಪುಸ್ತಕದಿಂದ ಒಂದು ಹಾಳೆ ಕೇಳಿ, ನಿಂತಲ್ಲೇ ಎರಡು ಸಾಲು ಬರೆದು ಸಹಿ ಮಾಡಿದರು. ವೈನಿ ಅದನ್ನು ನನ್ನಿಂದ ಓದಿಸಿ, ಮಡಚಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಮೇಲಿನ ಕಚೇರಿಯ ಉತ್ತರ ಹದಿನೇಳು ದಿನದ ನಂತರ ಬಂತು. ಮಳೆಗಾಲ ಶುರುವಾಗುವವರೆಗೆ ಐದು ಮಡಕೆಗಳನ್ನು ಮಾಳಿಗೆಯ ಈಶಾನ್ಯ ಮೂಲೆಯಲ್ಲಿ ಇಡಲು ಅಭ್ಯಂತರವಿಲ್ಲ, ಕೆಳಗಿನ ಅಂತಸ್ತಿನಲ್ಲಿ ಇಡಲು ಅನುಮತಿಯಿಲ್ಲ, ಬಸ್ಸಿನ ವೇಳೆಯ ಬಗ್ಗೆ ಪ್ರಯಾಣಿಕರಿಗೆ ತಿಳಿಸುವ ಹೊಣೆ ಅರ್ಜಿದಾರರದೇ ಎಂದು ಅದರಲ್ಲಿದೆ. ಮುಂದಿನ ವರ್ಷದ ಬಗ್ಗೆ ಏನೂ ಹೇಳಿಲ್ಲ.

ನಿನ್ನೆ ಮಧ್ಯಾಹ್ನ ಎರಡು ಗಂಟೆಗೆ ಐದು ಹರವಿಗಳಲ್ಲಿ ನಾಲ್ಕು ಖಾಲಿಯಾಗಿದ್ದವು. ಐದನೆಯದರಲ್ಲಿ ಒಂದು ಕೊಡದಷ್ಟು ನೀರಿತ್ತು. ಮೂರೂಕಾಲರ ಜೇವರ್ಗಿ ಬಸ್ಸು ಎರಡು ನಿಮಿಷ ತಡವಾಗಿ ಹೊರಟಿತು.